ಶುಕ್ರವಾರದ ತಲೆನೋವು

ಹುಟ್ಟಿದಾಗಿನಿಂದ ಒಂದು ಬೀಡಿಯ ತುದಿಗೂ
ತುಟಿ ಇಟ್ಟವಳಲ್ಲ ಮಾಬವ್ವ.
ಸುತ್ತಿದ್ದು ಮಾತ್ರ: ದಿನಕ್ಕೆ ಎಂಟುನೂರು, ಮೂವತ್ತೊಂದು ವರ್ಷ,
ದಾವಣಗೆರೆಯ ಬಾಷಾನಗರದಲ್ಲಿ ಅದೇ ಹೊಸ್ತಿಲು, ಅದೇ ಮೊರ.
ಶುಕ್ರವಾರ ಎಲೆ ಇಲ್ಲ, ದಾರ ಇಲ್ಲ.
ಮಧ್ಯಾಹ್ನದ ಹೊತ್ತಿಗೆ ಹಣೆ ಹಿಡಿದು ಕೂರುತ್ತಾಳೆ.
"ಕೆಲಸ ಇದ್ದ ದಿನ ಕೈ ನೋಯ್ತೈತಿ, ಸರಿ.
ಇಲ್ಲದ ದಿನ ತಲಿ ಯಾಕ ನೋಯ್ಬೇಕು?
ಲ್ಯಾಬಿನಾಗ ಅದೀ, ನೀನಾರ ಹೇಳು."

ಹೇಳಿದೆ, ನನಗೆ ಗೊತ್ತಿದ್ದಷ್ಟು.
ಎದುರಿಗೆ ಚಿಕ್ಕಪ್ಪನ ಮಂಡಕ್ಕಿ ಭಟ್ಟಿ.
ನಮಾಜು ಮುಗಿಸಿ ಬಂದು ಆಗಷ್ಟೇ ಹೊಟ್ಟಿಗೆ ಬೆಂಕಿ ಹಚ್ಚಿದ್ದ.
ಅದನ್ನೇ ತೋರಿಸಿದೆ.

ಅವ್ವಾ, ತಲೆಯೊಳಗೂ ಹೀಗೇ ಭಟ್ಟಿ ಸಾಲು.
ಒಂದೊಂದು ನರದ ತುದಿಯಲ್ಲೂ ಕಟ್ಟಿಟ್ಟ ಚೀಲಗಳು,
ಕಣ್ಣಿಗೆ ಕಾಣದಷ್ಟು ಸಣ್ಣವು.
ಒಂದರಲ್ಲಿ ಹಿಗ್ಗು, ಒಂದರಲ್ಲಿ ಎಚ್ಚರ,
ಇನ್ನೊಂದರಲ್ಲಿ "ಸಾಕು, ಸುಮ್ಮನಿರು" ಅನ್ನುವ ಮಾತು.
ಸುದ್ದಿ ಬಂದಾಗ ಚೀಲ ಒಡೆಯಬೇಕು,
ಸಂದಿ ದಾಟಿ ಪಕ್ಕದ ನರವನ್ನು ಮುಟ್ಟಬೇಕು.

ಎಷ್ಟು ಒಡೆಯಬೇಕು?
ಅದಕ್ಕೆಂದೇ ತುದಿಯಲ್ಲೊಂದು ಬಾಗಿಲು.
ಪಡೆಯುವವನ ಮನೆಯಲ್ಲಲ್ಲ, ನೋಡು,
ಕೊಡುವವನ ಮಣಿಕಟ್ಟಿನ ಮೇಲೆ.
ಐದು ಹಲಗೆ ಸುತ್ತ ನಿಂತು ನಡುವೆ ಒಂದು ಕಿಂಡಿ.
ತೆರೆದರೆ ಸುಣ್ಣದ ಕಣ ಒಳನುಗ್ಗುತ್ತದೆ,
ನೀನು ಎಲಡಿಕೆಗೆ ಹಚ್ಚುತ್ತೀಯಲ್ಲ, ಅದರ ಬಳಗದ್ದೇ.
ಕಾದ ಮರಳಿಗೆ ಬಿದ್ದ ಅಕ್ಕಿಯ ಹಾಗೆ
ಚೀಲಗಳು ಪಟಪಟ ಅರಳುತ್ತವೆ.
ಬಾಗಿಲಿಗೆ ಮಂಡಕ್ಕಿ ಮಾಡಲು ಬರದು.
ಚಿಕ್ಕಪ್ಪನ ಪಕ್ಕ ನಿಂತು "ಇನ್ನೊಂದು ಹಿಡಿ ಹಾಕು" ಅನ್ನುತ್ತದೆ, ಅಷ್ಟೇ.
ಹಿಗ್ಗಿನ ಭಟ್ಟಿಯ ಬಳಿಯೂ ಅದೇ ಮಾತು,
ಸುಮ್ಮನಿರಿಸುವ ಭಟ್ಟಿಯ ಬಳಿಯೂ ಅದೇ.
ಯಾರ ಮನೆ ಕಾಯುತ್ತಿದ್ದೇನೆಂದು ಅದಕ್ಕೇನು ಗೊತ್ತು.

"ಆ ಬಾಗಲಾ ಬಡಿಯೋರ್ಯಾರು?"
ಒಳಮನೆಯದೇ ಒಂದು ರಸ, ಅಸಿಟೈಲ್‌ಕೋಲಿನ್.
ಹೆಸರು ಅವ್ವನ ಬಾಯಲ್ಲಿ ಮೂರು ಸಲ ಮುರಿದು
ಕೊನೆಗೆ ಅಸೀತಕ್ಕ ಆಯಿತು. ಇರಲಿ.
ಅಸೀತಕ್ಕ ಬಂದು ತಟ್ಟುತ್ತಾಳೆ, ಚಣ ನಿಂತು ಹೋಗುತ್ತಾಳೆ.
ಹೊಗೆಸೊಪ್ಪಿನ ಪುಡಿಯಲ್ಲಿ
ಅವಳಂತೆಯೇ ತಟ್ಟುವವನೊಬ್ಬ ಇದ್ದಾನೆ,
ಬೆರಳ ಚರ್ಮದಿಂದ, ಮೂಗಿನ ದೂಳಿನಿಂದ ಇಳಿದು ಬಂದವನು.
ಬಂದರೆ ಬೇಗ ಹೋಗುವವನಲ್ಲ.
ಹಗಲೆಲ್ಲ ಅವನು ನಿಂತೇ ಇದ್ದರೆ
ಬಾಗಿಲು ದಣಿದು ಮುಚ್ಚಿಕೊಂಡು ನಿದ್ದೆ ಹೋಗುತ್ತದೆ.
ಇದ್ದವು ಮಲಗಿದವೆಂದು
ನರ ಇನ್ನಷ್ಟು ಬಾಗಿಲು ಇಡಿಸುತ್ತದೆ.
ಶುಕ್ರವಾರ ಪುಡಿ ಇಲ್ಲ.
ಮಲಗಿದ್ದವೆಲ್ಲ ಒಂದೊಂದಾಗಿ ಎಚ್ಚರಾಗಿ
ಹಳೆಯವೂ ಹೊಸವೂ ದಾರಿ ಕಾಯುತ್ತವೆ.
ಅಷ್ಟು ಬಾಗಿಲಿಗೆ ಒಬ್ಬಳೇ ಅಸೀತಕ್ಕ.
ಅದೇ ನೋವು ಅಂತ ಕಾಣುತ್ತದೆ. ಪೂರ್ತಿ ಗೊತ್ತಿಲ್ಲ.

ಅವ್ವ ಬಹಳ ಹೊತ್ತು ಬೆರಳು ನೋಡಿಕೊಂಡಳು.
"ಸಾವಿರಕ್ಕಿಷ್ಟು ಅಂತ ಕಂಟ್ರಾಕ್ಟರ ಬರೀತಾನ,
ಛಾಟು ಅಂತ ಅದರಾಗ ಕಳೀತಾನ.
ಈ ಪುಡಿ ಕೊಟ್ಟ ಹಿಗ್ಗು ಯಾವ ಬುಕ್ಕಿನಾಗೂ ಇಲ್ಲ ಹಂಗಾರ.
ಬರೆದಿದ್ರ ಅದನ್ನೂ ಹಿಡಕೊಂತಿದ್ದ."

ನನಗೆ ಚಿತ್ರದುರ್ಗದ ಹಾಸ್ಟೆಲ್ಲಿನ ಮೊದಲ ವಾರ ನೆನಪಾಯಿತು.
ತಲೆ ಸಿಡಿತ, ಎಲ್ಲರ ಮೇಲೂ ಸಿಟ್ಟು.
ಕಿಟಕಿಯಲ್ಲಿ ಕೋಟೆಯ ಬಂಡೆ ಬಿಸಿಲಿಗೆ ಕಾಯುತ್ತಿತ್ತು.
ವಾರ್ಡನ್ ಮಾತ್ರೆ ಕೊಟ್ಟರು.
"ನಿನ್ನ ನೆನಪಾಗ್ತೈತಿ ಅವ್ವಾ" ಎಂದು ಬರೆದು ಕಾಗದ ಹಾಕಿದ್ದೆ.
ಹದಿನೇಳು ವರ್ಷ ಆ ಮೊರದ ಪಕ್ಕ
ಆ ಸೆರಗಿನ ದೂಳಿನಲ್ಲಿ ಮಲಗಿ ಎದ್ದವಳು.
ನನ್ನೊಳಗಿನ ಬಾಗಿಲು ಎಣಿಸಿದವರ್ಯಾರು?
ಅದು ನೆನಪೋ, ಪುಡಿಯೋ,
ಎರಡನ್ನೂ ಬೇರೆ ಮಾಡಿ ತೋರಿಸುವ ಪರೀಕ್ಷೆ
ನಮ್ಮ ಲ್ಯಾಬಿನಲ್ಲಿಲ್ಲ.

ಎದುರು ಭಟ್ಟಿಯಲ್ಲಿ ಮೊದಲ ಒಬ್ಬೆ ಸಿಡಿಯತೊಡಗಿತು.
"ಸಾಕು ಬಿಡು, ಹಣಿ ಒತ್ತು ಬಾ" ಎಂದಳು.
ಒತ್ತಿದೆ. ಬಗ್ಗಿದಾಗ ಸೆರಗಿನ ವಾಸನೆ.
ಇಬ್ಬರಿಗೂ ಒಂಚೂರು ಹಗುರಾಯಿತು.